ಜಗಲಿಯಿಂದ ಅವರ್ಸಾಕ್ಕೆ ಸೈಕಲ್ ಸವಾರಿ

ಒಂದು ಮಳೆಗಾಲವಿಡೀ ನಾನು ದಿನಾ ಸೈಕಲ್ ಮೇಲೆ ಅವರ್ಸಾಕ್ಕೆ ಹೋಗಿಬಂದಿದ್ದೇನೆ, ಮನೆಯ ಜಗಲಿ ಬಿಟ್ಟು ಒಂದು ಗೇಣೂ ಆಚೆ ಸರಿಯದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕು. ಆಗ ಆಗಿರಲಿಲ್ಲ, ಬದಲಿಗೆ ಹೆಮ್ಮೆಯಿತ್ತು. ಕಾರವಾರದಂಥ ಊರಲ್ಲಿ ಹೆಮ್ಮೆಪಡಲು ಹೆಚ್ಚೇನೂ ಬೇಕಾಗುವುದಿಲ್ಲ. ಒಂದು ಕೋಟು, ಕಚೇರಿಯಲ್ಲೊಂದು ಕುರ್ಚಿ, ಒಂದು ವಿಲಾಯತಿ ಸೈಕಲ್ ಇದ್ದರೆ ಸಾಕು. ನನಗೆ ಮೂರೂ ಇದ್ದವು.

ಸೈಕಲ್ಲಿದ್ದವರೆಲ್ಲ ಸೇರಿ ದೀಪಾವಳಿಯಾದ ಮೇಲೆ ಕಾರವಾರದಿಂದ ಅಂಕೋಲೆಗೆ ಒಂದು ಪಂದ್ಯ ಇಟ್ಟುಕೊಂಡಿದ್ದೆವು. ಹಿಂದಿನ ವರ್ಷ ಎಂಟು ಜನರಲ್ಲಿ ನಾನು ಏಳನೆಯವನಾಗಿದ್ದೆ. ಎಂಟನೆಯವನ ಚಕ್ರ ಅರ್ಗಾದ ಏರಿನಲ್ಲಿ ಪಂಕ್ಚರ್ ಆಗಿತ್ತು ಎಂಬುದನ್ನು ನಾನಾಗಿ ಯಾರಿಗೂ ಹೇಳಿರಲಿಲ್ಲ. ಸೋತವನು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾನೆ, ಅಭ್ಯಾಸ ಹೆಚ್ಚಿಸುತ್ತಾನೆ ಅಥವಾ ಆಟ ಬಿಡುತ್ತಾನೆ. ಬುದ್ಧಿವಂತನಾದ ನಾನು ಮೂರನೆಯದನ್ನು ಮಾಡಿದೆ, ಪುಸ್ತಕ ತರಿಸಿದೆ.

ಪುಸ್ತಕ ವಿಲಾಯತಿಯದು. ಅಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಸವಾರರು ಮನೆಯೊಳಗೇ ಮೂರು ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ ತುಳಿಯುತ್ತಾರಂತೆ. ಹಿಂದಿನ ಚಕ್ರಕ್ಕೆ ಎರಡು ಉರುಳೆ, ಮುಂದಿನದಕ್ಕೆ ಒಂದು, ಎರಡನ್ನೂ ಜೋಡಿಸಲು ಒಂದು ಪಟ್ಟಿ. ತುಳಿದಷ್ಟೂ ಉರುಳೆ ತಿರುಗುತ್ತದೆ, ಸವಾರ ಇದ್ದಲ್ಲೇ ಇರುತ್ತಾನೆ. ನಮಗೆ ಹಿಮ ಇಲ್ಲದಿದ್ದರೇನಾಯಿತು, ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಿದೆಯಲ್ಲ! ಪುಸ್ತಕದ ಚಿತ್ರವನ್ನು ಬಡಿಗನ ಮುಂದೆ ಹಿಡಿದೆ. ಅವನು ಅದನ್ನು ನೇರ ಮಾಡಿ ನೋಡಿದ, ತಿರುವಿ ನೋಡಿದ.

"ಇದು ಕಬ್ಬಿನ ಗಾಣ ಅಲಾ, ಒಡೆಯಾ?" ಎಂದ.

ಅಲ್ಲ, ಇದರ ಮೇಲೆ ಸೈಕಲ್ ತುಳಿಯುವುದು ಎಂದು ವಿವರಿಸಿದೆ.

"ತುಳಿದ್ರೆ ಎಂತ ಬತ್ತದೆ?"

"ಏನೂ ಬರೋದಿಲ್ಲ."

"ಗಾಣಾದ್ರೆ ರಸ ಆದ್ರೂ ಬತ್ತಿತ್ತು" ಎಂದು ಅವನು ನಿಟ್ಟುಸಿರು ಬಿಟ್ಟು ಹಲಸಿನ ಮರದಲ್ಲಿ ಮೂರು ಉರುಳೆ ಕಡೆದುಕೊಟ್ಟ. ಈ ವಿಷಯದಲ್ಲಿ ಇಷ್ಟು ಖಚಿತವಾದ ಅಭಿಪ್ರಾಯ ಕೊಟ್ಟವರನ್ನು ನಾನು ಆಮೇಲೆ ಕಂಡಿಲ್ಲ.

ಮಳೆಯ ಎರಚಲು ತಡೆಯಲು ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದೆವು. ಅದರ ಹಿಂದಿನ ಅರೆಗತ್ತಲೆಯಲ್ಲಿ ನನ್ನ ಯಂತ್ರ ಪ್ರತಿಷ್ಠಾಪನೆಯಾಯಿತು. ಮೊದಲ ದಿನ ಸೌತೆಕಾಯಿ ರಾಶಿಯ ಮೇಲೆ ಬಿದ್ದೆ, ಎರಡನೆಯ ದಿನ ಒಣಗಲು ಹಾಕಿದ್ದ ಹೆಂಡತಿಯ ಸೀರೆಗಳೊಳಗೆ. ವಾರ ಕಳೆದ ಮೇಲೆ ಕಿಟಕಿಯ ಸರಳು ಬಿಟ್ಟು ತುಳಿಯಲು ಬಂತು. ಪೆಡಲಿಗೆ ಇಷ್ಟು ಸುತ್ತು ಬಂದರೆ ಒಂದು ಮೈಲಿ ಎಂದು ದಾರ ಹಿಡಿದು ಅಳೆದುಕೊಂಡೆ. ಗೋಡೆಯ ಮೇಲೆ ಇದ್ದಲಿನಿಂದ ಬಿಣಗಾ, ಅರ್ಗಾ, ತೋಡೂರು, ಅವರ್ಸಾ ಎಂದು ಊರುಗಳನ್ನು ಸಾಲಾಗಿ ಬರೆದೆ. ಅಂಕೋಲೆಯವರೆಗೆ ತುಳಿಯಲು ಉಸಿರು ಸಾಲುತ್ತಿರಲಿಲ್ಲವಾದ್ದರಿಂದ ಅವರ್ಸಾದಲ್ಲೇ ಇಳಿಯುತ್ತಿದ್ದೆ. ಬೆಳಿಗ್ಗೆ ಹೋಗುವುದು, ಸಂಜೆ ತಿರುಗಿ ಬರುವುದು. ಹಾಗೆ ನೋಡಿದರೆ ಹಗಲೆಲ್ಲ ನಾನು ಅವರ್ಸಾದಲ್ಲಿದ್ದುಕೊಂಡೇ ಕಾರವಾರದ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ನನ್ನ ಕೆಲಸದ ಗುಣಮಟ್ಟ ನೋಡಿದ ಸಾಹೇಬರಿಗೂ ಹಾಗೇ ಅನ್ನಿಸಿದ್ದಿರಬೇಕು.

ಹೋಗುವವನು, ಹೋಗುವ ದಾರಿ, ಹೋಗುವಿಕೆ ಮೂರೂ ಬರಿಯ ತೋರಿಕೆ ಎಂದು ನಮ್ಮ ವೇದಾಂತಿಗಳು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಸಾಧಿಸಿದ್ದಾರೆ. ಪಾಪ, ಅವರ ಹತ್ತಿರ ಉರುಳೆಗಳಿರಲಿಲ್ಲ. ಇದ್ದಿದ್ದರೆ ಇಷ್ಟು ಬರೆಯುವ ಶ್ರಮ ತಪ್ಪುತ್ತಿತ್ತು. ಕರ ಕೊಡಲಾರೆವೆಂದು ಅಂಕೋಲೆಯ ಕಡೆಯ ರೈತರು ಮನೆಮಠ ಬಿಟ್ಟು ಜೈಲಿಗೆ ನಡೆದ ಕಾಲ ಅದು. ದೇಶವೆಲ್ಲ ಎಲ್ಲಿಗೋ ಹೊರಟಿತ್ತು. ನಾನೂ ಬೆವರು ಸುರಿಸುತ್ತಿದ್ದೆ, ಸ್ವಂತ ಜಗಲಿಯಲ್ಲಿ.

ಈಗ ಅಕ್ಕನ ವಿಷಯ ಹೇಳಬೇಕು. ಹೇಳದೆ ಮುಂದೆ ಹೋದರೆ ಚೆನ್ನಾಗಿತ್ತು, ಆದರೆ ಈ ಕತೆಯಲ್ಲಿ ನಾನು ಮುಂದೆ ಹೋಗುವುದು ಕಡಿಮೆ ಎಂದು ನಿಮಗೆ ಗೊತ್ತೇ ಇದೆ.

ನನ್ನ ಒಬ್ಬಳೇ ಅಕ್ಕನನ್ನು ಕೊಟ್ಟಿದ್ದು ಅವರ್ಸಾಕ್ಕೇ. ಮದುವೆಯಾಗಿ ಹೋದ ಹೆಣ್ಣು ಚೌತಿಗೆ ತವರಿಗೆ ಬರಬೇಕಾದರೆ ತಂದೆಯೋ ಅಣ್ಣತಮ್ಮಂದಿರೋ ತೆಂಗಿನಕಾಯಿ, ಎಲೆ ಅಡಿಕೆ ಹಿಡಿದು ಅವಳ ಮನೆಗೇ ಹೋಗಿ ಕರೆಯಬೇಕು, ಇದು ನಮ್ಮ ಮನೆತನದ ಪದ್ಧತಿ. ಅಪ್ಪ ಬದುಕಿರುವಷ್ಟು ಕಾಲ ಕಂಬಳಿಕೊಪ್ಪೆ ಹಾಕಿಕೊಂಡು ನಡೆದೇ ಹೋಗಿ ಕರೆದು ಬರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಬಂದ ಎರಡು ಚೌತಿಗೆ ನಾನು ಒಂದೊಂದು ಕಾರ್ಡು ಬರೆದು ಹಾಕಿದೆ. ಅಕ್ಷರವೇನೋ ದುಂಡಗಿತ್ತು. ಅಕ್ಕ ಬರಲಿಲ್ಲ. ಗಣಪತಿಯ ತಲೆಯ ಮೇಲೆ ಹಣ್ಣುಕಾಯಿಗಳ ಫಳಾವಳಿ ಕಟ್ಟುವುದು ಮೊದಲಿನಿಂದ ಅವಳ ಕೆಲಸ. ಅವಳಿಲ್ಲದ ಎರಡು ವರ್ಷ ನಾನು ಕಟ್ಟಿದೆ, ಎರಡು ವರ್ಷವೂ ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಒಂದು ಮೊಗೆಕಾಯಿ ಭಟ್ಟರ ಬೆನ್ನಿಗೆ ಬಿತ್ತು.

ಮೂರನೆಯ ವರ್ಷ, ಅಂದರೆ ಈ ಉರುಳೆಯ ವರ್ಷ, ಅಕ್ಕನದೇ ಕಾಗದ ಬಂತು. ಅವಳಿಗೆ ಬರೆಯಲು ಬಾರದು, ಶಾಲೆಯ ಮಾಸ್ತರರ ಕೈಯಲ್ಲಿ ಬರೆಸಿದ್ದಳು. ಮೂರು ವರ್ಷ ಕರೆಯಲು ಯಾರೂ ಬರದಿದ್ದರೆ ತವರು ಮುಗಿದ ಹಾಗೆ ಎಂದು ಅತ್ತೆ ಹೇಳುತ್ತಿದ್ದಾರೆ, ಈ ಸಲ ನೀನೇ ಬಾ, ಇಷ್ಟೇ ಇತ್ತು. ನನ್ನನ್ನು ಕರೆಯಲು ಬಾ ಎಂದು ಪರರ ಕೈಯಲ್ಲಿ ಬರೆಸುವಾಗ ಅವಳಿಗೆ ಹೇಗಾಗಿರಬೇಕು ಎಂದು ಯೋಚಿಸಲು ನನಗೆ ಪುರಸೊತ್ತಿರಲಿಲ್ಲ. ಕಾಗದ ಬಂದಾಗ ನಾನು ತೋಡೂರಿನ ಹತ್ತಿರದಲ್ಲಿದ್ದೆ.

"ಹೋಗ್ಬರೂದಲ್ವಾ?" ಎಂದಳು ಹೆಂಡತಿ.

"ಈ ಮಳೆಯಲ್ಲಾ? ಸ್ವಲ್ಪ ಹೊಳವಾಗಲಿ."

"ದಿನಾ ಹೋಗ್ತೇ ಇದ್ರಲಾ. ಇವತ್ತು ಅಲ್ಲಿ ಮುಟ್ಟಿದ ಕೂಡ್ಲೇ ಅಕ್ಕಂಗೆ ಒಂದು ಮಾತು ಹೇಳ್ಬಿಡಿ."

ಹೆಂಡತಿಯರ ವ್ಯಂಗ್ಯಕ್ಕೆ ಉತ್ತರ ಕೊಟ್ಟರೆ ಉಸಿರಿನ ಲಯ ತಪ್ಪುತ್ತದೆ. ನಾನು ತುಳಿಯುತ್ತಲೇ ಇದ್ದೆ. ಸರ್ವಿಸ್ ಮೋಟಾರು ಇರಲಿಲ್ಲವೆಂದಲ್ಲ. ಮಳೆಗಾಲದಲ್ಲಿ ಅದು ಮನಸ್ಸು ಬಂದ ದಿನ ಓಡುತ್ತಿತ್ತು, ಅದಕ್ಕೆ ಮನಸ್ಸು ಬಂದ ದಿನ ನನಗೆ ಬರುತ್ತಿರಲಿಲ್ಲ.

ಇಷ್ಟರಲ್ಲೇ ನಿಂತಿದ್ದರೆ ನಾನು ಬರಿಯ ಸೋಮಾರಿಯಾಗಿ ಉಳಿಯುತ್ತಿದ್ದೆ. ಆದರೆ ಒಂದು ದಿನ ಚಹದ ಅಂಗಡಿಯಲ್ಲಿ ಆ ಮೋಟಾರಿನ ಕಂಡಕ್ಟರ್, "ಏನು ರಾಯರೇ, ಮಳೆಗಾಲದಲ್ಲಿ ಸೈಕಲ್ಲಿಗೆ ರಜವೋ?" ಎಂದು ಕೇಳಿದ. "ರಜ ಎಲ್ಲಿಯದು! ದಿನಾ ಬೆಳಿಗ್ಗೆ ಅವರ್ಸಾಕ್ಕೆ ಹೋಗ್ತೇನೆ" ಎಂದೆ. ಸುತ್ತಲಿದ್ದವರು ತಲೆದೂಗಿದರು. ಉರುಳೆಯ ವಿಷಯ ಎತ್ತಿದರೆ ಬಹಳ ವಿವರಿಸಬೇಕಾಗುತ್ತದೆ ಎಂದು ಬಿಟ್ಟುಬಿಟ್ಟೆ. ಆ ಕಂಡಕ್ಟರ್ ಅವರ್ಸಾದವನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಹತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಅರ್ಗಾದ ಏರು ಹತ್ತುತ್ತಿದ್ದೇನೆ, ಉರುಳೆಯ ಮೇಲೆ ಏರೆಂಬುದಿಲ್ಲವಾದರೂ ಮುಖವನ್ನು ಹಾಗೆ ಮಾಡಿಕೊಳ್ಳುವ ರೂಢಿಯಿತ್ತು, ಆಗ ತಟ್ಟಿ ಸರಿಸಿ ಅಕ್ಕ ಬಂದು ನಿಂತಳು. ಸೆರಗಿನಿಂದ ನೀರು ಇಳಿಯುತ್ತಿತ್ತು. ಮೋಟಾರಿನಲ್ಲಿ ಬಂದಿದ್ದಳು.

"ಎಲ್ಲಿಗೆ ಹೊಂಟೆ, ತಮಾ?" ಎಂದಳು.

ನಾನು ತುಳಿಯುವುದು ನಿಲ್ಲಿಸಿದೆ. ಉರುಳೆಯ ಮೇಲೆ ಅದೊಂದನ್ನು ಮಾಡಬಾರದು. ಸೈಕಲ್ ಸಮೇತ ಅವಳ ಕಾಲ ಬುಡಕ್ಕೇ ಬಿದ್ದೆ. ನೋಡಿದವರಿಗೆ ನಮಸ್ಕಾರದಂತೆ ಕಂಡಿದ್ದರೆ ಅದಷ್ಟೇ ಆ ದಿನದ ಪುಣ್ಯ.

"ನಿಮ್ಮ ಮನೆಗೇ, ಅಕ್ಕಾ" ಎಂದೆ.

ಅವಳು ಗೋಡೆಯ ಮೇಲಿನ ಊರುಗಳ ಸಾಲನ್ನು ನೋಡಿದಳು, ಓದಲು ಬರದಿದ್ದರೂ. ಉರುಳೆಯನ್ನು ಕೈಯಿಂದ ಒಮ್ಮೆ ತಿರುಗಿಸಿದಳು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನಾಲ್ಕೇ ಮಾತಿನಲ್ಲಿ ಎಲ್ಲ ಹೇಳಿದಳು. ನನ್ನ ಒಂದು ಮಳೆಗಾಲದ ಸಾಧನೆಗೆ ಅಷ್ಟೇ ಸಾಕಾಯಿತು.

"ಹಂಗಾರೆ ನೀ ನಮ್ಮ ಮನೆ ಮುಂದಿಂದ ಹೋಗ್ತಾನೇ ಇರಲಿಲ್ಲನಾ?" ಎಂದು ಅಕ್ಕ ಕೇಳಿದಳು. "ಮೋಟಾರಿನಂವ ಹೇಳ್ದ, ನಿನ್ನ ತಮ್ಮ ದಿನಾ ಅವರ್ಸಾಕ್ಕೆ ಬತ್ತಾನೆ ಹೇಳಿ. ಎಂಟು ದಿನ ಬೆಳಿಗ್ಗೆ ಬೆಳಿಗ್ಗೆ ರಸ್ತೆ ಬದಿಗೆ ನಿಂತೆ. ನನ್ನ ಕಂಡ್ಕಂಡೇ ಬೇರೆ ದಾರಿ ಹಿಡಿತಾನೆ ಅಂದ್ಕಂಡೆ. ಒಂದು ಬಾಯಿ ಜಗಳಾಡಿ ಹೋಗುವಾ ಹೇಳಿ ಬಂದೆ." ಆಮೇಲೆ ಅವಳು ನಗತೊಡಗಿದಳು. "ನೀ ಮಳ್ಳ ಆಗಿದ್ದೆ ಅಷ್ಟೇಯಾ! ದೇವ್ರು ದೊಡ್ಡಂವ."

ತಮ್ಮ ಹುಚ್ಚನೆಂದು ತಿಳಿದು ಒಬ್ಬ ಅಕ್ಕನಿಗೆ ಅಷ್ಟು ಸಮಾಧಾನವಾದದ್ದನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗುವನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಒಳಗೆ ಬಾ ಎಂದು ಹೆಂಡತಿ ಕೈ ಹಿಡಿದಳು. ಅಕ್ಕ ಹೊಸಿಲು ದಾಟಲಿಲ್ಲ. ಕರೆಯದೆ ತವರಿಗೆ ಬರಬಾರದು, ಜಗಳಕ್ಕೆ ಬರಬಹುದು, ಜಗಳ ಮುಗಿಯಿತು ಎಂದಳು. ಅಂಕೋಲೆ ಪೇಟೆಗೆ ಹೋಗುತ್ತೇನೆಂದು ಅತ್ತೆಗೆ ಸುಳ್ಳು ಹೇಳಿ ಬಂದಿದ್ದಳಂತೆ. ಮರಳುವ ಮೋಟಾರು ಹೊರಡಲಿತ್ತು. ಹೊಸಿಲಾಚೆ ನಿಂತೇ ಒಂದು ಲೋಟ ಬಿಸಿನೀರು ಕುಡಿದು ಹೊರಟುಹೋದಳು.

ನಾನೂ ಮೋಟಾರಿಗೇ ಹೋಗುತ್ತೇನೆ ಎಂದೆ. ಹೆಂಡತಿ ತೆಂಗಿನಕಾಯಿ, ಎಲೆ ಅಡಿಕೆ, ಕುಂಕುಮದ ಪೊಟ್ಟಣ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಸೈಕಲ್ಲಿನ ಹಿಂದೆ ಬಿಗಿಯಾಗಿ ಕಟ್ಟಿದಳು. ಉರುಳೆಯ ಮೇಲಿಂದ ಸೈಕಲ್ಲನ್ನು ನಾನೇ ಎತ್ತಿ ಅಂಗಳಕ್ಕೆ ಇಳಿಸಿದೆ.

ಎರಡೂವರೆ ತಿಂಗಳು ತುಳಿದ ದಾರಿ ನನಗೆ ಅಂಗೈಯಷ್ಟು ಪರಿಚಯವಿರಬೇಕಿತ್ತು. ಬಿಣಗಾ ಬರುವ ಮೊದಲೇ ಗೊತ್ತಾಯಿತು, ನಾನು ಅಭ್ಯಾಸ ಮಾಡಿದ್ದರಲ್ಲಿ ಗಾಳಿ ಇರಲಿಲ್ಲ, ಕೆಸರಿರಲಿಲ್ಲ, ರಸ್ತೆಯ ನಡುವೆ ಮಲಗಿದ ಎಮ್ಮೆ ಇರಲಿಲ್ಲ. ಅರ್ಗಾದ ಏರಿನಲ್ಲಿ ಇಳಿದು ತಳ್ಳಿದೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಗದ್ದೆಗೆ ಹೋದೆ. ನೆಟ್ಟ ಸಸಿಗಳ ಕಳೆ ತೆಗೆಯುತ್ತಿದ್ದ ಹೆಂಗಸರು ನನ್ನನ್ನು ಎತ್ತಿ, ಮೊದಲು ತೆಂಗಿನಕಾಯಿ ಒಡೆದಿಲ್ಲವೆಂದು ನೋಡಿ, ಆಮೇಲೆ ನನ್ನನ್ನು ನೋಡಿದರು. ಒಂದು ಮಾತು ಮಾತ್ರ ನಿಜ, ಕೆಸರಿನಲ್ಲಿ ಕಾಲೆಳೆದುಕೊಂಡು ಹೋಗುವಾಗ ಪ್ರತಿ ಮೈಲಿಗಲ್ಲೂ ಹಿಂದೆ ಸರಿಯುತ್ತಿತ್ತು. ಅಷ್ಟರಿಂದಲೇ ನನಗೆ ವಿಚಿತ್ರವಾದ ಸಂತೋಷವಾಗುತ್ತಿತ್ತು.

ಅವರ್ಸಾ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಅಕ್ಕನ ಅತ್ತೆ ಜಗಲಿಯಲ್ಲಿ ಅಡಿಕೆ ಕುಟ್ಟುತ್ತ ಕೂತಿದ್ದರು. ಮೈಯೆಲ್ಲ ಕೆಸರಾಗಿ ತೆಂಗಿನಕಾಯಿ ಹಿಡಿದು ಅಂಗಳದಲ್ಲಿ ನಿಂತ ನನ್ನನ್ನು ಗುರುತಿಸಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಚೌತಿಗೆ ಅಕ್ಕನನ್ನು ಕರೆಯಲು ಬಂದೆ ಎಂದೆ. ಅವರು ಕುಟ್ಟುವುದನ್ನು ನಿಲ್ಲಿಸಿ ಒಳಗೆ ಮುಖ ಮಾಡಿ, "ಬಂದಾ ನೋಡೇ, ನಿನ್ನ ತಮ್ಮ" ಎಂದು ಕೂಗಿದರು.

ಅಕ್ಕ ಹೊರಗೆ ಬಂದಳು. ಒಣಗಿದ ಸೀರೆ ಉಟ್ಟಿದ್ದಳು, ತಲೆಗೆ ಹೂ ಮುಡಿದಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಅತ್ತೆಗೂ ಪಕ್ಕದ ಮನೆಯವರಿಗೂ ಕೇಳುವಂತೆ, "ಅಯ್ಯೋ, ತಮಾ! ನಿನ್ನ ಮುಖ ನೋಡದೆ ಎಷ್ಟು ದಿನ ಆಯ್ತೋ!" ಎಂದಳು.

ಅವಳ ನಾಟಕಕ್ಕೆ ನಗಲು ಹೋದೆ. ಅವಳ ಕಣ್ಣು ತುಂಬಿತ್ತು. ನಾಟಕ ಎಲ್ಲಿ ಬಂತು, ಎರಡು ವರ್ಷವಾಗಿತ್ತಲ್ಲ.