ಅಗರಬತ್ತಿ ಕಡ್ಡಿಯೂ ಕೆಂಪು ದೀಪವೂ

ಆಯುಧಪೂಜೆಯ ದಿನ ಅತ್ತೆ ಮಿಕ್ಸಿ, ಹೊಲಿಗೆ ಯಂತ್ರ, ನಮ್ಮವರ ಸ್ಕೂಟರ್ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಕೊನೆಗೆ ವೈಫೈ ಪೆಟ್ಟಿಗೆಗೂ ಹಚ್ಚಿದರು. “ಇದೂ ದಿನಾ ದುಡಿಯುತ್ತಲ್ಲಮ್ಮ, ಪಾಪ” ಎಂದರು. ನಾನು ಬೇಡವೆನ್ನಲಿಲ್ಲ.

ಅದಾದ ಮೂರನೇ ದಿನ ಬೆಳಗ್ಗೆ ಹನ್ನೊಂದಕ್ಕೆ ನನ್ನ ಸಂದರ್ಶನವಿತ್ತು. ಲ್ಯಾಪ್‌ಟಾಪಿನಲ್ಲಿ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಥೆ ಓದಿ ಹೇಳುವ ಕೆಲಸ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನಾಗಿ ಕೇಳಿಕೊಂಡ ಮೊದಲ ಕೆಲಸ ಅದು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತಿದ್ದಿ ಕಲಿಸಿದ್ದ ಓದು ಈ ಮನೆಯಲ್ಲಿ ಔಷಧಿ ಬಾಟಲಿಯ ಚೀಟಿ ಓದುವುದಕ್ಕಷ್ಟೇ ಬಳಕೆಯಾಗಿತ್ತು.

ನಮ್ಮವರು ಹೊಸಕೋಟೆಯ ಕಾರ್ಖಾನೆಗೆ ಹೊರಟ ಮೇಲೆ ಕ್ಯಾಮೆರಾಕ್ಕೆ ಕಾಣುವ ಗೋಡೆ, ಮೇಜು ಒರೆಸಿದೆ. ವೈಫೈ ಪೆಟ್ಟಿಗೆಯನ್ನೂ ಒರೆಸಿದೆ. ಅದರ ಹಿಂಬದಿಯಲ್ಲಿ ಸಾಸಿವೆಯಷ್ಟು ಸಣ್ಣ ತೂತು, ಅದರ ತುಂಬ ಕುಂಕುಮ. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಉಗುರಿನ ಸಂದಿಯ ಕೊಳೆಗೂ ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದ ಶಾಲೆಯಲ್ಲಿ ಓದಿದವಳು ನಾನು. ದೇವರ ಗೂಡಿನಿಂದ ಉರಿದು ಉಳಿದಿದ್ದ ಅಗರಬತ್ತಿ ಕಡ್ಡಿ ತಂದು ತೂತಿಗೆ ಹಾಕಿದೆ. ಒಳಗೆ ಏನೋ ಮೆತ್ತಗೆ ಕುಸಿದಂತಾಯಿತು. ಪೂರ್ತಿ ಬರಲಿ ಎಂದು ಒತ್ತಿ ಹಿಡಿದು ತಿರುವಿದೆ. ದೀಪಗಳೆಲ್ಲ ಒಮ್ಮೆಗೇ ಆರಿದವು. ಮತ್ತೆ ಹತ್ತಿದಾಗ ಒಂದು ಕೆಂಪಾಗಿತ್ತು.

ಗಂಟೆ ಒಂಬತ್ತೂವರೆ.

ನಮ್ಮದು ಬೂದಿಗೆರೆ ಕಡೆಯ ಹೊಸ ಬಡಾವಣೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ, ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಮಾತ್ರ ಒಂದೆರಡು ಕಡ್ಡಿ ಕಾಣುತ್ತದೆ. ಅಲ್ಲಿಗೆ ಹತ್ತಿ, ನಮಗೆ ಇಂಟರ್ನೆಟ್ಟು ಹಾಕಿಕೊಟ್ಟ ಕೇಬಲ್ಲಿನವರಿಗೆ ಫೋನ್ ಮಾಡಿದೆ.

“ಅಕ್ಕಾ, ನಾನು ಫ್ಯಾಮಿಲಿ ಕರ್ಕೊಂಡು ಶಿವಗಂಗೆಗೆ ಬಂದಿದೀನಿ. ಇನ್ನೇನು ಬೆಟ್ಟ ಹತ್ಬೇಕು. ಏನಾಯ್ತು ಹೇಳಿ. ಹಿಂದ್ಗಡೆ ಸಣ್ಣ ತೂತೈತೆ, ಅದನ್ನೇನಾದ್ರೂ ಒತ್ತಿದ್ರಾ?”

“ಇಲ್ಲಪ್ಪ” ಎಂದೆ.

ಏಕೆ ಹಾಗೆಂದೆನೋ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಹಿಂದೆ ಮೆಟ್ಟಿಲ ಬಳಿ ಆ ಕುಂಕುಮ ಹಚ್ಚಿದ ಅತ್ತೆ ನಿಂತಿದ್ದರು, ಅಷ್ಟೇ.

“ಹಂಗಾದ್ರೆ ವೈರೇ ಲೂಸಾಗಿರ್ತೈತೆ. ಬಿಚ್ಚಿ ಹಾಕಿ, ಆಫ್ ಮಾಡಿ ಆನ್ ಮಾಡಿ. ನಾನು ಹತ್ತುತಾ ಇರ್ತೀನಿ.”

ಕೆಳಗೆ ಓಡಿದೆ. ಹಳದಿ ವೈರ್ ಬಿಚ್ಚಿ ಹಾಕಿದೆ, ಸ್ವಿಚ್ ಆರಿಸಿ ಹತ್ತಿಸಿದೆ. ಮೇಲೆ ಬಂದು ಫೋನ್ ಮಾಡಿದೆ. ಅವರು ಇನ್ನೊಂದು ಹೇಳಿದರು, ಮತ್ತೆ ಇಳಿದೆ. ಮೂರನೇ ಸಲಕ್ಕೆ ಅತ್ತೆಯೇ ಪೆಟ್ಟಿಗೆಯ ಮುಂದೆ ಕುಳಿತು, “ಕೆಂಪೇ ಕಣಮ್ಮಾ! ಇನ್ನೂ ಕೆಂಪೇ!” ಎಂದು ಕೆಳಗಿನಿಂದ ಕೂಗತೊಡಗಿದರು. ಕೂಗಿನ ಮಧ್ಯೆ, “ನಾನು ಹಚ್ಚಿದ್ ಕುಂಕುಮ ಒರೆಸ್ಬಿಟ್ಯಲ್ಲ, ಅದಕ್ಕೇ ಮುನಿಸ್ಕೊಂಡೈತೆ” ಎಂದೂ ಸೇರಿಸಿದರು.

ಹತ್ತೂಮುಕ್ಕಾಲಿಗೆ ಮತ್ತೆ ಮೇಲೆ ಬಂದು ಫೋನ್ ಮಾಡಿದೆ. “ಅಣ್ಣಾ, ಒತ್ತಿದ್ದೆ. ಅಗರಬತ್ತಿ ಕಡ್ಡಿಯಲ್ಲಿ ಒತ್ತಿಬಿಟ್ಟೆ” ಎಂದೆ.

ಅತ್ತ ಕಡೆ ಏದುಸಿರು. ಆಮೇಲೆ ನಗು. “ಅಯ್ಯೋ ಅಕ್ಕಾ! ಒತ್ತಿದ್ರೆ ಒಳಗಿರೋದೆಲ್ಲ ಅಳಿಸಿ ಹೋಗ್ತೈತೆ. ನಿಮ್ ನಂಬರು, ಪಾಸ್‌ವರ್ಡು ಮತ್ತೆ ಹಾಕ್ಬೇಕು. ಅದು ಬರ್ಕೊಂಡಿರೋ ಬುಕ್ಕು ಕೆಳಗೆ ಕಾರಲ್ಲೈತೆ, ನಾನು ಅರ್ಧ ಬೆಟ್ಟದಲ್ಲಿದೀನಿ. ಆಗ್ಲೇ ಹೇಳಿದ್ರೆ ಕಾರ್ ಹತ್ರಾನೇ ನಿಂತು ಫೋನಲ್ಲೇ ಮಾಡಿಸ್ಬಿಡ್ತಿದ್ದೆ.”

ಹನ್ನೊಂದಕ್ಕೆ ಟ್ಯಾಂಕಿನ ನೆರಳಿನಲ್ಲಿ, ಬಟ್ಟೆ ಒಣಹಾಕುವ ತಂತಿಯ ಕೆಳಗೆ, ಫೋನನ್ನೇ ಎತ್ತಿ ಹಿಡಿದು ಕುಳಿತೆ. ಇಸ್ತ್ರಿ ಮಾಡಿದ ನೀಲಿ ಸೀರೆ ಬೆನ್ನಿಗೆ ಅಂಟಿತ್ತು. ಪರದೆಯಲ್ಲಿ ಒಬ್ಬ ಹೆಂಗಸು ಕಾಣಿಸಿದರು. ಅವರ ತುಟಿ ಆಡಿದ ಎಷ್ಟೋ ಹೊತ್ತಿಗೆ ಮಾತು ಬರುತ್ತಿತ್ತು. “ಓದಿ” ಎಂದದ್ದು ಕೇಳಿಸಿತು. ಮಡಿಲಲ್ಲಿಟ್ಟ ಹಾಳೆ ನೋಡಿ ಓದತೊಡಗಿದೆ. ಬಾಲ ಕಳೆದುಕೊಂಡ ಅಳಿಲಿನ ಕಥೆ. ಅಳಿಲಿಗೊಂದು ದನಿ, ಅಜ್ಜಿ ಗೂಬೆಗೊಂದು ದನಿ. ವಾರವೆಲ್ಲ ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡಿದ್ದೆ. ಚೆನ್ನಾಗಿ ಓದಿದೆ, ಅದು ನನಗೆ ಗೊತ್ತು. ಮುಗಿಸಿ ತಲೆ ಎತ್ತಿದರೆ ಪರದೆಯ ಮೇಲೆ ನನ್ನ ಮುಖವೊಂದೇ ಇತ್ತು.

“ಎದ್ದು ಹೋಗ್ಬಿಟ್ರಾ?” ಅತ್ತೆ ಕೇಳಿದರು. ಯಾವಾಗ ಮೇಲೆ ಬಂದಿದ್ದರೋ.

“ಯಾವಾಗ ಹೋದರೋ ಗೊತ್ತಾಗ್ಲಿಲ್ಲ ಅತ್ತೆ.”

ಮಧ್ಯಾಹ್ನ ಮತ್ತೆ ಮಹಡಿಗೆ ಹೋದಾಗ ಸಂದೇಶ ಬಂತು. ಮನೆಯಲ್ಲಿ ಒಳ್ಳೆಯ ಸಂಪರ್ಕವಿರುವವರನ್ನಷ್ಟೇ ತೆಗೆದುಕೊಳ್ಳುತ್ತಾರಂತೆ. ಓದಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಉತ್ತರ ಬರೆದು, ಅಳಿಸಿ, ಮತ್ತೆ ಬರೆದು, ಅದನ್ನೂ ಅಳಿಸಿದೆ. ಕುಂಕುಮದ ವಿಷಯ ಅವರಿಗೆ ಹೇಗೆ ಹೇಳಲಿ?

ಸಂಜೆ ಕೇಬಲ್ಲಿನವರು ಹಣೆಯಲ್ಲಿ ವಿಭೂತಿಯೊಂದಿಗೆ ಮನೆಗೆ ಬಂದರು. ಅತ್ತೆಯ ಕೈಗೆ ಪ್ರಸಾದ ಕೊಟ್ಟು, ಬುಕ್ಕು ತೆರೆದು ಏನೋ ಒತ್ತಿದರು. ಐದು ನಿಮಿಷ ಹಿಡಿಯಲಿಲ್ಲ, ದೀಪ ಹಸಿರಾಯಿತು.

“ಈಗ ಯಾರಿಗಾದ್ರೂ ವಿಡಿಯೋ ಕಾಲ್ ಮಾಡಿ ನೋಡಿ ಅಕ್ಕಾ, ಹೆಂಗ್ ಬರ್ತೈತೆ ಅಂತ.”

ಫೋನ್ ಕೈಯಲ್ಲೇ ಇತ್ತು. ಯಾರಿಗೆ ಮಾಡಬೇಕೋ ತೋಚಲಿಲ್ಲ. “ಚೆನ್ನಾಗಿ ಬರುತ್ತೆ ಬಿಡಿ” ಎಂದು ಕಾಫಿಗೆ ಹಾಲಿಟ್ಟೆ.