ಸೆರ್ಬಿಯದ ಕಥೆಯ ಉಳಿದರ್ಧ

ಹಿಟ್ಲರನ ಯುದ್ಧ ಶುರುವಾಗಿ ವರ್ಷ ತುಂಬಿರಲಿಲ್ಲ. ಊರಿಗಾಂ ಚಿನ್ನದ ಗಣಿಯ ಕೂಲಿ ಲೈನಿನ ಮನೆಯಲ್ಲಿ ಸೀನಪ್ಪ ಗಣಿ ಕೆಲಸ ಬಿಟ್ಟು ಪಟ್ಟಾಳಕ್ಕೆ ಹೊರಟು ನಿಂತಿದ್ದ. ಅವನ ಹೆಂಡತಿ ಕದಿರಮ್ಮ ಏಳು ತಿಂಗಳ ಬಸುರಿ. ಅತ್ತೂ ಕರೆದೂ ಸಾಕಾಗಿ ಬಂಗಾರಪೇಟೆಯಿಂದ ಅಣ್ಣ ಅಶ್ವತ್ಥಪ್ಪನನ್ನು ಕರೆಸಿದಳು. ಹಿಂದಿನ ಜರ್ಮನ್ ಯುದ್ಧದಲ್ಲಿ ಗ್ರೀಸಿನ ಸಾಲೋನಿಕದ ಬೆಟ್ಟಗಳಲ್ಲಿ ಪಟ್ಟಾಳದ ಹೇಸರಗತ್ತೆ ಹೊಡೆದು ಬಂದವನು ಅವನು. ಅವನ ಮಾತನ್ನಾದರೂ ಗಂಡ ಕೇಳಿಯಾನು ಅನ್ನುವುದೊಂದೇ ಅವಳ ಆಸೆ.

"ಏನ್ಲಾ ಸೀನ, ಎಂಡ್ತೀನ ಇಂಗೆ ಬಿಟ್ಟು ಓಯ್ತೀಯಾ?"

"ಭಾವ, ಗಣೀಲಿ ಕಲ್ಲು ಬಿದ್ರೆ ಎಣಾನೂ ಸಿಕ್ಕಲ್ಲ. ಅಲ್ಲಿ ಬಿಸಿಲಾದ್ರೂ ಕಾಣ್ತೀನಿ. ನೀನೊಬ್ಬ ಓಗಿ ಬಂದು ಮೀಸೆ ತಿರುವ್ತಾ ಇಲ್ವಾ?"

ಅಶ್ವತ್ಥಪ್ಪ ಗೋಡೆಗೆ ಒರಗಿ ಕೂತ. ಸಾಲೋನಿಕದಲ್ಲಿ ತನ್ನ ಜೊತೆ ಹೇಸರಗತ್ತೆಗಳ ಮೇಲೆ ಗುಂಡಿನ ಪೆಟ್ಟಿಗೆ ಹೊರಿಸುತ್ತಿದ್ದ ಮಿಲಾನನ ಮಾತು ತೆಗೆದ. ಸೆರ್ಬಿಯ ದೇಶದ ಬೇಸಾಯದವನು, ವಯಸ್ಸಾದವನು. ಇಬ್ಬರಿಗೂ ಇದ್ದದ್ದು ಕೈಸನ್ನೆಯ ಭಾಷೆ.

"ಯುದ್ಧ ಸುರುವಾದಾಗ ಅವ್ನು ಗೋಧಿ ಕುಯ್ತಿದ್ನಂತೆ. ಉಟ್ಟ ಬಟ್ಟೇಲೇ ಕರ್ಕೊಂಡೋದ್ರು. ಅವನೆತ್ತೂ ಗಾಡೀನೂ ಪಟ್ಟಾಳಕ್ಕೆ. ತಲೆಗೊಂದು ಟೋಪಿ ಕೊಟ್ರು, ಬಂದೂಕಾನೇ ಇಲ್ಲ. ಪಕ್ಕದೋನು ಬಿದ್ರೆ ಅವನ್ದು ಎತ್ಕೋ ಅಂದ್ರಂತೆ. ತಿಳೀತೇನ್ಲಾ, ಯುದ್ಧ ಅಂದ್ರೆ?"

"ಎದುರಾಳಿ ದೊಡ್ಡೋನಾ?"

"ಎದುರಾಳಿ ದೇಶದಲ್ಲಿ ಇಂಥಾ ಅತ್ತು ಸೆರ್ಬಿಯ ಇಡಿಸ್ತವೆ."

"ಸೆರ್ಬಿಯದೋರು ಸೋತ್ರಾ?"

ಅಶ್ವತ್ಥಪ್ಪನಿಗೆ ಸುಳ್ಳು ಬರಲಿಲ್ಲ. "ಇಲ್ಲ ಕಣ್ಲಾ. ಚಳಿಗಾಲದೊತ್ಗೆ ಗಡಿ ದಾಟ್ಸಿ ಓಡ್ಸಿದ್ರು."

ಸೀನಪ್ಪ ತೊಡೆ ತಟ್ಟಿ ಎದ್ದ. "ಬರಿಗೈಲಿ ಬಂದೋರೇ ಗೆದ್ರು! ನಮ್ಗೆ ಬೂಟು, ಬಂದೂಕ ಎಲ್ಲಾ ಕೊಡ್ತಾರೆ. ಕೇಳಿದ್ಯಾ ಕದಿರಿ, ನಿಮ್ಮಣ್ಣನ ಬಾಯಲ್ಲೇ ಬಂತು!"

ಕದಿರಮ್ಮ ಅಣ್ಣನ ಮುಖ ನೋಡಿದಳು. ಕಥೆ ಇನ್ನೂ ಅರ್ಧ ಉಳಿದಿತ್ತು. ಗೆದ್ದ ಪಟ್ಟಾಳಕ್ಕೆ ಆ ಚಳಿಗಾಲದಲ್ಲೇ ಹೇನಿನಿಂದ ಹರಡುವ ವಿಷಮಜ್ವರ ಬಡಿಯಿತು. ಅದೇ ಪಟ್ಟಾಳದಲ್ಲಿದ್ದ ಮಿಲಾನನ ಇಬ್ಬರು ಗಂಡುಮಕ್ಕಳು, ಗುಂಡಿಗೆ ಸಿಗದೆ ಉಳಿದಿದ್ದವರು, ಹುಲ್ಲಿನ ಮೇಲೆ ಮಲಗಿದವರು ಏಳಲೇ ಇಲ್ಲ. ಎರಡು ಬೆರಳನ್ನು ಜೋಡಿಸಿ ಮಲಗಿಸಿ ತೋರಿಸಿದ್ದ ಮಿಲಾನ.

ಅದನ್ನು ಹೇಳಲು ಅಶ್ವತ್ಥಪ್ಪ ಬಾಯಿ ತೆರೆಯುವಷ್ಟರಲ್ಲಿ ಸೀನಪ್ಪನ ತಾಯಿ ಅಕ್ಕಯ್ಯಮ್ಮ ಮಗನ ಹಣೆಗೆ ಕುಂಕುಮವಿಟ್ಟು, ಅಂಗೈಗೆ ಮೊಸರು ಹಾಕಿದಳು. ಹೊರಡುವವನ ಮುಂದೆ ಸಾವಿನ ಮಾತು ಆಡುವುದು ಹೇಗೆ? ಅಶ್ವತ್ಥಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಸೀನಪ್ಪ ಹೊಸಿಲು ದಾಟಿದ.

"ಅಣ್ಣಾ, ಅವ್ರನ್ನ ಕರೀ ಅಣ್ಣಾ!" ಅಂದಳು ಕದಿರಮ್ಮ.

"ಇಂದ್ಲಿಂದ ಕರೀಬ್ಯಾಡ್ರಪ್ಪಾ, ಕೆಡುಕಾಯ್ತದೆ," ಅಂತ ಅಕ್ಕಯ್ಯಮ್ಮ ಕೈ ಅಡ್ಡ ಹಿಡಿದಳು.

ಮುಂದೆ ಹೋಗಿ ಎದುರು ನಿಂತರೆ ಹೇಳಬಹುದಲ್ಲ ಅಂತ ಅಶ್ವತ್ಥಪ್ಪ ಬೇಗಬೇಗ ಹೆಜ್ಜೆ ಹಾಕಿದ. ಸಾಲೋನಿಕದ ಹಿಮ ತಿಂದ ಕಾಲು, ಎರಡು ಬೆರಳಿಲ್ಲ. ಸೀನಪ್ಪನ ನಡಿಗೆಗೆ ಸರಿದೂಗಲಿಲ್ಲ. ಭಾವ ಕಳಿಸಿಕೊಡಲು ಬರುತ್ತಿದ್ದಾನೆ ಅಂದುಕೊಂಡು ಸೀನಪ್ಪ ದೂರದಿಂದಲೇ ಕೈ ಬೀಸಿದ. ಅಶ್ವತ್ಥಪ್ಪ ಸ್ಟೇಷನ್ನು ಸೇರುವಾಗ ರೈಲು ಕದಲಿತ್ತು.

ಮನೆಗೆ ಬಂದವನನ್ನು ಕದಿರಮ್ಮ ಕೇಳಿದಳು: "ಇನ್ನೇನೋ ಏಳೋಕೆ ಓದೆಯಲ್ಲಣ್ಣ, ಏನದು?"

ತಂಗಿಯ ತುಂಬಿದ ಹೊಟ್ಟೆ ಕಣ್ಣಿಗೆ ಬಿತ್ತು. "ಏನಿಲ್ಲ ಕಣಮ್ಮ," ಅಂದ ಅಶ್ವತ್ಥಪ್ಪ. "ವಸಿ ನೀರು ಕೊಡು."