ಗೂಟ ನೋಡಿ ಗಂಡು ಬೇಡವೆಂದ ಭಾವ

ನನ್ನ ಭಾವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಚಿಕ್ಕದು. ಎದುರಿಗಿದ್ದವರು ಬೇಕಾದ್ದಕ್ಕಿಂತ ಹೆಚ್ಚು ನಕ್ಕರೆ ಅದು ಇನ್ನಷ್ಟು ಕಿರಿದಾಗುತ್ತಾ ಹೋಗಿ, ಕೊನೆಗೆ ರೆಪ್ಪೆಗಳ ನಡುವೆ ಒಂದು ಗೆರೆ ಮಾತ್ರ ಉಳಿಯುತ್ತಿತ್ತು. ಅಕ್ಕನ ಮದುವೆಯ ಆಲ್ಬಮ್ಮಿನಲ್ಲೂ ಹಾಗೆಯೇ ಇದ್ದಾರೆ. ಫೋಟೋ ತೆಗೆಯುವವನ ಮೇಲೂ ಅವರಿಗೆ ಏನೋ ಗುಮಾನಿ.

ಡಾಟ್‌ಕಾಮ್ ಕಂಪನಿಗಳು ಅಣಬೆಗಳ ಹಾಗೆ ಏಳುತ್ತಿದ್ದ ಕಾಲದಲ್ಲಿ ನಾನು ಕೆಲಸಕ್ಕೆಂದು ಅಮೆರಿಕಕ್ಕೆ ಬಂದು ಸಾಂಟಾ ಕ್ಲಾರಾದಲ್ಲಿ ಅಕ್ಕ-ಭಾವನ ಅಪಾರ್ಟ್‌ಮೆಂಟಿನಲ್ಲಿದ್ದೆ. ಭಾವ ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಹಾಲಿನ ಕ್ಯಾನು ತೆರೆದ ಕೂಡಲೇ ಮೂಸಬೇಕು. ಟೊಮೆಟೊ ಮೇಲೆ ಆರ್ಗ್ಯಾನಿಕ್ ಎಂಬ ಸ್ಟಿಕರ್ ಇದ್ದರೆ, “ಈ ಚೀಟಿ ಅಂಟಿಸಿದ್ದು ಯಾರು?” ಎಂದು ಕೇಳಬೇಕು. ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಯಾರಾದರೂ ಮುಗುಳ್ನಕ್ಕು “ನೀವು ಇಂಡಿಯಾದಲ್ಲಿ ಎಲ್ಲಿಯವರು?” ಎಂದರೆ ಸಾಕು, ಭಾವ ಸಾಮಾನಿನ ತಳ್ಳುಗಾಡಿಯನ್ನು ಅಕ್ಕಿ ಮೂಟೆಗಳ ಹಿಂದಕ್ಕೆ ತಿರುಗಿಸಿಬಿಡುತ್ತಿದ್ದರು. ಆ ದಿನಗಳಲ್ಲಿ ಹಾಗೆ ಸ್ನೇಹ ಬೆಳೆಸಿ, ಮನೆಗೆ ಕರೆದು, ಚಹಾ ಕೊಟ್ಟು, ಕೊನೆಗೆ ಸೋಪು ಮಾರುವ ಏಜೆನ್ಸಿಗೆ ಸೇರಿಸಿಕೊಳ್ಳುವವರು ಬಹಳ ಇದ್ದರು. ನನ್ನ ಆಫೀಸಿನಲ್ಲಿ ಮಧ್ಯಾಹ್ನದ ಊಟ ಬಿಟ್ಟಿ ಎಂದಾಗ ಅವರು ಹೇಳಿದ್ದು: “ಊಟ ಬಿಟ್ಟಿ ಕೊಡ್ತಾರೆ ಅಂದ್ರೆ ಕೆಲಸ ಬಿಟ್ಟಿ ಮಾಡಿಸ್ತಾರೆ ಅಂತ ಅರ್ಥ. ನೋಡ್ತಾ ಇರು.” ಅವರು ಟೆಸ್ಟಿಂಗ್ ವಿಭಾಗದಲ್ಲಿದ್ದರು, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಕೆಲಸ. ಸಂಶಯಪಡುವುದಕ್ಕೆ ಸಂಬಳ ಕೊಡುವ ಊರು ಇದೊಂದೇ ಎಂದು ಅಕ್ಕ ಹೇಳುತ್ತಿದ್ದಳು.

ನನಗೆ ಆಗ ಗಂಡು ಹುಡುಕುತ್ತಿದ್ದರು. ಅಷ್ಟರಲ್ಲಾಗಲೇ ಎರಡು ಕಡೆಯವರು ಬಂದು, ನನ್ನನ್ನು ನೋಡಿ, “ಆಮೇಲೆ ತಿಳಿಸ್ತೇವೆ” ಎಂದು ಹೋಗಿ, ತಿಳಿಸದೆಯೇ ತಿಳಿಸಿದ್ದರು. ಇಂಥ ಸುದ್ದಿ ಉಡುಪಿಯ ರಥಬೀದಿಗಿಂತ ಬೇಗ ಇಲ್ಲಿಯ ಫ್ರೀವೇಗಳಲ್ಲಿ ಓಡುತ್ತಿತ್ತು. ಯಾರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ ಕನಿಕರದ ಮುಖ ಹೊತ್ತ ಒಬ್ಬರಾದರೂ ಪಕ್ಕಕ್ಕೆ ಬಂದು ಕೂರುವರು. “ಯಾಕಂತೆ? ಏನಾದ್ರೂ ಹೇಳಿದ್ರಾ?” ನಾನು ರೋಸಿಹೋಗಿದ್ದೆ. ಒಂದು ದಿನ ಅಕ್ಕನಿಗೆ ಹೇಳಿಬಿಟ್ಟೆ. “ಇನ್ನೊಬ್ಬ ಬೇಡ ಅಂದ್ರೆ ನಾನು ಕೆಲಸ ಬಿಟ್ಟು ಊರಿಗೆ ಹೋಗ್ತೇನೆ. ಮತ್ತೆ ಯಾರ ಮುಂದೆಯೂ ಕೂತ್ಕೊಳ್ಳುದಿಲ್ಲ.” ಭಾವ ಅಲ್ಲೇ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾ ನಿಂತಿದ್ದರು.

ಮೂರನೆಯ ಸಂಬಂಧ ಹತ್ತಿರದ ಊರಾದ ಲಾಸ್ ಆಲ್ಟೋಸ್‌ನಿಂದ ಬಂತು. ಹುಡುಗ ಅಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದ. ಅವನನ್ನು ಓದಿಸಿ ಬೆಳೆಸಿದವಳೂ ಅವಳೇ. ಉಪ್ಪಿಟ್ಟು, ಕಾಫಿ, ಸೋಫಾ ಎಂದೆಲ್ಲ ಅಕ್ಕ ಯೋಜನೆ ಹಾಕುತ್ತಿದ್ದಾಗ ಭಾವ ಅಡ್ಡ ಬಾಯಿ ಹಾಕಿದರು. “ಸೋಫಾ ಮೇಲೆ ಕೂತಾಗ ಎಲ್ಲರೂ ಒಳ್ಳೆಯವರೇ. ಟೆಂಟು ಹೊಡೀಲಿಕ್ಕೆ ಹೇಳಿ ನೋಡುವ. ಅರ್ಧ ಗಂಟೆಯಲ್ಲಿ ಬಣ್ಣ ಗೊತ್ತಾಗ್ತದೆ.”

ಗಿಲ್‌ರಾಯ್ ದಾಟಿ ಮುಂದೆ ಹೋದರೆ ಒಂದು ಥೀಮ್ ಪಾರ್ಕು, ಅದರದ್ದೇ ರೆಸಾರ್ಟು, ರೆಸಾರ್ಟಿನ ಹಿಂದೆ ಟೆಂಟು ಹಾಕಿಕೊಳ್ಳಲು ಜಾಗ. ಎರಡೂ ಮನೆಯವರು ಒಂದು ಶನಿವಾರ ಅಲ್ಲಿಗೆ ಹೋಗುವುದೆಂದಾಯಿತು. ಗಾಳಿ ಒಂದು ಕಡೆಯಿಂದ ಬೀಸಿದರೆ ಅಲ್ಲಿನ ಹೊಲಗಳ ಬೆಳ್ಳುಳ್ಳಿ ವಾಸನೆ, ಇನ್ನೊಂದು ಕಡೆಯಿಂದ ಬೀಸಿದರೆ ರೋಲರ್ ಕೋಸ್ಟರಿನಲ್ಲಿ ಜನ ಕಿರುಚುವ ಸದ್ದು. ಭಾವನಿಗೆ ಆ ಜಾಗದ ಮೇಲೂ ನಂಬಿಕೆ ಬರಲಿಲ್ಲ. “ಕಾಡು ಅಂತ ಹೇಳಿ ಬಿಸಿನೀರಿನ ಬಾತ್‌ರೂಮು ಇಟ್ಟಿದ್ದಾರೆ. ಇದು ಕಾಡೂ ಅಲ್ಲ, ಹೋಟೆಲೂ ಅಲ್ಲ” ಎಂದು ಗೊಣಗಿ, ನೆಲ ಇಳಿಜಾರಾಗಿದೆಯೇ ಎಂದು ತಿಳಿಯಲು ಇಸ್ತ್ರಿ ಮಾಡಿದ ಶರ್ಟಿನಲ್ಲೇ ಅಂಗಾತ ಮಲಗಿಬಿಟ್ಟರು. ಹುಡುಗನ ಕಾರು ಬಂದು ನಿಂತಾಗ ನಮ್ಮ ಮನೆಯ ಯಜಮಾನ ಮಣ್ಣಿನ ಮೇಲೆ ಕಣ್ಣು ಮುಚ್ಚಿ ಬಿದ್ದಿದ್ದರು. ನನಗೆ ನಾಚಿಕೆಯಿಂದ ಭೂಮಿಗಿಳಿದುಹೋಗುವಂತಾಯಿತು.

ಹುಡುಗ ಗಾಬರಿಯಾಗಲಿಲ್ಲ. ಭಾವನಿಗೆ ಕೈಕೊಟ್ಟು ಎಬ್ಬಿಸಿ, ಬೆನ್ನಿಗಂಟಿದ ಹುಲ್ಲು ಕೊಡವಿದ. ನಂತರ ಶರ್ಟಿನ ತೋಳು ಮಡಚಿಕೊಂಡು ತನ್ನ ಟೆಂಟಿನ ಗೂಟ ಹೊಡೆಯತೊಡಗಿದ. ಭಾವ ಪಕ್ಕದಲ್ಲೇ ನಿಂತು ಪ್ರಶ್ನೆ ಶುರು ಮಾಡಿದರು.

“ನಿಮ್ಮ ಕಂಪನಿ ಎಂತ ಮಾರುದು?”

“ಇನ್ನೂ ಏನೂ ಮಾರ್ತಾ ಇಲ್ಲ ಸರ್. ವೆಬ್‌ಸೈಟು ಲಾಂಚ್ ಆಗ್ಬೇಕು.”

“ಮಾರದೆ ಸಂಬಳ ಕೊಡ್ತಾರಾ?”

“ಸದ್ಯಕ್ಕೆ ಕೊಡ್ತಿದ್ದಾರೆ ಸರ್” ಎಂದು ಅವನು ನಕ್ಕ. ನಾನೂ ನಕ್ಕೆ. ಹಗ್ಗದ ತುದಿ ಹಿಡಿದುಕೊಳ್ಳಲು ನನ್ನನ್ನೇ ಕರೆದ. ಸುಮ್ಮನೆ ಯಾಕೆ ಮುಚ್ಚಿಡಬೇಕು, ನನಗೆ ಅವನು ಹಿಡಿಸಿದ. ಹಗ್ಗ ಹಿಡಿದು ನಿಂತಷ್ಟು ಹೊತ್ತಿನಲ್ಲಿ ಮನಸ್ಸಿನೊಳಗೆ ಮದುವೆಯ ಸೀರೆಯ ಬಣ್ಣವೂ ನಿಶ್ಚಯವಾಗಿತ್ತು.

ಮಧ್ಯಾಹ್ನ ಎಲ್ಲರೂ ಪಾರ್ಕಿಗೆ ಹೋದೆವು. ಜೈಂಟ್ ವೀಲಿನ ಕ್ಯೂನಲ್ಲಿ ಹುಡುಗನೂ ನಾನೂ ಒಟ್ಟಿಗೆ ಕೂರಲಿ ಎಂದು ಎರಡೂ ಕಡೆಯ ಅಕ್ಕಂದಿರು ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಭಾವ ಮುಂದೆ ನುಗ್ಗಿ, “ನೀನು ನನ್ನ ಒಟ್ಟಿಗೆ ಬಾ ಮಾರಾಯ, ನಿನ್ನತ್ರ ಮಾತಾಡ್ಲಿಕ್ಕುಂಟು” ಎಂದು ಅವನ ತೋಳು ಹಿಡಿದು ಹತ್ತಿಸಿಕೊಂಡರು. ಕೆಳಗೆ ನಿಂತ ನಾನು ಹಲ್ಲು ಕಚ್ಚಿದೆ. ಇಳಿದು ಬಂದಾಗ ಹುಡುಗ ನನ್ನತ್ತ ನೋಡಲಿಲ್ಲ. ಭಾವ ತಲೆ ತಿರುಗುತ್ತಿದೆ ಎಂದು ಬೆಂಚಿನ ಮೇಲೆ ಕೂತರು. ಅವರು ಮೇಲೆ ಅವನಿಗೆ ಏನು ಕಿರಿಕಿರಿ ಮಾಡಿದರೋ ಎಂದು ನನಗೆ ಒಳಗೊಳಗೇ ಕೋಪ.

ಚಹಾದ ಹೊತ್ತಿಗೆ ಟೆಂಟಿಗೆ ಮರಳಿದೆವು. ಅಕ್ಕ ಡಬ್ಬಿಯಲ್ಲಿ ತಂದಿದ್ದ ಹಿಟ್ಟಿನಿಂದ ನೀರುದೋಸೆ ಹುಯ್ಯುತ್ತಿದ್ದಳು. ಗಾಳಿಗೆ ಒಲೆ ಮತ್ತೆ ಮತ್ತೆ ಆರುತ್ತಿತ್ತು. ಹುಡುಗನ ಅಕ್ಕ ನನ್ನ ಕೈ ಹಿಡಿದುಕೊಂಡು, “ನಮ್ಗೆಲ್ಲ ಒಪ್ಪಿಗೆ. ಇನ್ನು ಮುಂದಿನ ಮಾತು ನಮ್ಮನೇಲಿ ಕೂತು ಆಡೋಣ” ಎಂದಳು. ಆಗ ಭಾವ ಎದ್ದು ಹೋಗಿ ಹುಡುಗನ ಟೆಂಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಗೂಟವೊಂದನ್ನು ಅಲ್ಲಾಡಿಸಿದರು.

“ಈ ಗೂಟ ನೆಟ್ಟಗೆ ಹೊಡೆದಿದ್ದಾನೆ. ಓರೆಯಾಗಿ ಹೊಡೀಬೇಕು. ಇಷ್ಟು ಉದಾಸೀನ ಇರುವವನಿಗೆ ನಮ್ಮ ಹುಡುಗಿಯನ್ನು ಕೊಡುದಿಲ್ಲ.”

ಮೊದಲು ತಮಾಷೆ ಎಂದುಕೊಂಡೆವು. ಅಕ್ಕನ ಮಗಳು, “ವೈ ಈಸ್ ಅಪ್ಪಾ ಮ್ಯಾಡ್ ಅಟ್ ದಿ ಟೆಂಟ್?” ಎಂದು ಕೇಳಿದಳು. ಭಾವ ಎದ್ದುನಿಂತು ಇನ್ನೊಮ್ಮೆ ಹೇಳಿದರು. “ನನಗೆ ಈ ಹುಡುಗನ ಮೇಲೆ ನಂಬಿಕೆ ಬರುದಿಲ್ಲ. ಬೇಡ ಅಂದ್ರೆ ಬೇಡ.”

“ಒಂದು ಗೂಟಕ್ಕಾ? ನಿಮಗೆ ತಲೆ ಸರಿ ಉಂಟಾ?” ಅಕ್ಕ ದೋಸೆಯ ಸಟ್ಟುಗ ಹಿಡಿದೇ ಕೂಗಿದಳು.

ಹುಡುಗನ ಅಕ್ಕನ ಮುಖ ಕೆಂಪೇರಿತು. “ನಮ್ಮ ಹುಡುಗನಿಗೇನು ಹೆಣ್ಣಿನ ಬರವಾ?” ಎಂದವಳೇ ಸಾಮಾನು ಕಾರಿಗೆ ತುಂಬತೊಡಗಿದಳು. ಹುಡುಗ ತಾನು ಹೊಡೆದ ಗೂಟಗಳನ್ನು ತಾನೇ ಕಿತ್ತ. ಒಂದು ಮಾತಾಡಬಾರದೇ ಎಂದು ನಾನು ಕಾದೆ. ಅವನು ಆಡಲಿಲ್ಲ. ಬೆಳಕಿರುವಾಗಲೇ ಅವರ ಕಾರು ಹೊರಟುಹೋಯಿತು. ಮರುದಿನ ಬೆಳಿಗ್ಗೆ ಭಾವ ಕಾಫಿ ಮಾಡಿ ನನ್ನ ಟೆಂಟಿನ ಬಾಗಿಲಿಗೆ ತಂದರು. ನಾನು ಜಿಪ್ ತೆಗೆಯಲಿಲ್ಲ.

ಗೂಟದ ಕಥೆ ಬೇ ಏರಿಯಾದ ಕನ್ನಡದವರ ಮನೆಮನೆಗೂ ಹೋಯಿತು. ಹುಟ್ಟುಹಬ್ಬಗಳಲ್ಲಿ ನನ್ನ ಪಕ್ಕ ಕೂರುವವರ ಮುಖದಲ್ಲಿ ಈಗ ನನ್ನ ಬಗ್ಗೆ ಕನಿಕರವಿರಲಿಲ್ಲ. ಎಲ್ಲರೂ ಬೈಯುತ್ತಿದ್ದದ್ದು ಭಾವನನ್ನು. ಒಬ್ಬಾಕೆಯಂತೂ ನನ್ನ ಕಿವಿಯಲ್ಲಿ, “ಆಫೀಸಿಂದ ಬಂದ ಮೇಲೆ ಮಗು ನೋಡ್ಕೊಳ್ಳೋಕೆ ಮನೇಲಿ ನೀನೊಬ್ಬಳು ಇರ್ತೀಯಲ್ಲ, ಆಯಾ ಖರ್ಚು ಉಳೀತು. ಅದಕ್ಕೇ ಬಂದವರನ್ನೆಲ್ಲ ಓಡಿಸ್ತಾರೆ” ಎಂದಳು. ಆ ಹುಳ ನನ್ನ ತಲೆಯೊಳಗೂ ಹೊಕ್ಕಿತು. ಭಾವ ಮಗಳನ್ನು ನನ್ನ ಕೈಗೆ ಕೊಟ್ಟಾಗಲೆಲ್ಲ ಅವರ ಮುಖದಲ್ಲಿ ಆ ಲೆಕ್ಕಾಚಾರ ಇದೆಯೇ ಎಂದು ಹುಡುಕುತ್ತಿದ್ದೆ.

ಆದರೆ ಅದಾದ ಮೇಲೆ ಸಂಬಂಧಗಳು ಹೆಚ್ಚೇ ಬಂದವು. ಭಾವನೇ ಗಂಡು ಬೇಡವೆನ್ನುತ್ತಾರಂತೆ ಎಂದ ಮೇಲೆ ಹುಡುಗಿಯ ಬೆಲೆಯೂ ಏರಿತೋ ಏನೋ. ಮರುವರ್ಷ ನನ್ನ ಮದುವೆಯಾಯಿತು. ನನ್ನ ಗಂಡನನ್ನೂ ಭಾವ ಬಹಳ ಹೊತ್ತು ದಿಟ್ಟಿಸಿ, “ಇವನಿಗೆ ಸುಮ್ಮನೆ ನಗಾಡ್ಲಿಕ್ಕೆ ಬರುದಿಲ್ಲ, ಅಡ್ಡಿಲ್ಲ” ಎಂದು ಒಪ್ಪಿದ್ದರು.

ಭಾವ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಹೃದಯದ ತೊಂದರೆ. ಡಾಕ್ಟರ ಮಾತನ್ನೂ ಅವರು ನಂಬಿರಲಿಲ್ಲ, ಆ ಸಲ ಡಾಕ್ಟರು ಹೇಳಿದ್ದು ನಿಜವಾಯಿತು. ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಸಂಜೆ, ತಲೆಗೂದಲು ನರೆತ ಒಬ್ಬರು ಅಕ್ಕನ ಮನೆಯ ಬಾಗಿಲು ತಟ್ಟಿದರು. ಲಾಸ್ ಆಲ್ಟೋಸ್‌ನ ಆ ಹುಡುಗ. ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ಇವನು ಈಗ ಯಾಕೆ ಬಂದ?

ಕಾಫಿ ಮುಟ್ಟದೆ ಅವರು ಹೇಳಿದರು. “ಅವತ್ತು ಆ ವೀಲ್‌ನಲ್ಲಿ ನಾನೇ ಸರ್‌ಗೆ ಹೇಳ್ದೆ. ನಂಗೆ ಆಫೀಸಿನಲ್ಲಿ ಒಬ್ಬರು ಇಷ್ಟ ಆಗಿದ್ರು, ಅಕ್ಕನಿಗೆ ಹೇಳೋ ಧೈರ್ಯ ಇರ್ಲಿಲ್ಲ. ಈ ಸಂಬಂಧ ಬೇಡ ಅಂತ ನಾಳೆ ಹೇಗಾದ್ರೂ ಫೋನ್ ಮಾಡ್ತೀನಿ, ಕ್ಷಮಿಸಿ ಅಂದೆ. ಸರ್ ಒಂದು ಸುತ್ತು ಪೂರ್ತಿ ಕೆಳಗೆ ನಿಮ್ಮ ಕಡೆಗೇ ನೋಡ್ತಿದ್ರು. ಆಮೇಲೆ, ‘ನೀನು ಬಾಯಿ ಬಿಡ್ಬೇಡ. ಬೇಡ ಅಂತ ನಾನು ಹೇಳ್ತೇನೆ. ಅವಳನ್ನು ಇನ್ನೊಬ್ಬ ಬೇಡ ಅಂದ ಅಂತ ಆಗ್ಬಾರ್ದು. ನಾನು ಹೇಳಿದ್ರೆ ಯಾರಿಗೂ ಸಂಶಯ ಬರುದಿಲ್ಲ’ ಅಂದ್ರು.”

“ನನಗೂ ಹೇಳ್ಲಿಲ್ಲ” ಎಂದಳು ಅಕ್ಕ.

ನಾನು ಆ ಸಂಜೆ ಅತ್ತಷ್ಟು ಭಾವ ಹೋದ ದಿನವೂ ಅತ್ತಿರಲಿಲ್ಲ. ನಾಲ್ಕು ಜನ ಸೇರಿದಲ್ಲೆಲ್ಲ ಗೂಟದ ಕಥೆ ತೆಗೆದು ಅವರನ್ನು ನಗೆಪಾಟಲು ಮಾಡುತ್ತಿದ್ದವಳು ನಾನೇ. ಎಲ್ಲರೂ ಹೊಟ್ಟೆ ಹಿಡಿದು ನಗುವಾಗ ಅವರು ಮೊದಲು ನನ್ನ ಮುಖವನ್ನೇ ನೋಡುತ್ತಿದ್ದರು. ಈ ಮನುಷ್ಯನಿಗೆ ನನ್ನ ಮೇಲೂ ಸಂಶಯ ಎಂದುಕೊಳ್ಳುತ್ತಿದ್ದೆ. ನನಗೆ ನಿಜ ಗೊತ್ತಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಅವರೂ ನಗುತ್ತಿದ್ದರು.